ತಟ್ಟೆಯಲ್ಲಿ ಸೋತ ವೈರಸ್, ಮೈಯಲ್ಲಿ ಗೆಲ್ಲುವುದು ಹೇಗೆ?

ಬೇರೊಬ್ಬರ ಕಿಡ್ನಿಯನ್ನು ದೇಹಕ್ಕೆ ಜೋಡಿಸುವುದು ಅರ್ಧ ಕೆಲಸ. ಅದು ಪರಕೀಯವೆಂದು ಗೊತ್ತಾದೊಡನೆ ಮೇಲೆರಗುವ ಟಿ ಕೋಶಗಳನ್ನು ವರ್ಷಗಟ್ಟಲೆ ಸುಮ್ಮನಿರಿಸುವುದು ಉಳಿದರ್ಧ. 1983ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಪಡೆದ ಸೈಕ್ಲೋಸ್ಪೊರಿನ್ ಈ ಎರಡನೆಯ ಅರ್ಧವನ್ನು ಕೈಗೆಟುಕಿಸಿತು. ಅಂಗಾಂಗ ಕಸಿ ಸಾಹಸದ ಸಾಲಿನಿಂದ ಆಸ್ಪತ್ರೆಯ ನಿತ್ಯದ ಕೆಲಸದ ಸಾಲಿಗೆ ಬಂದದ್ದರಲ್ಲಿ ಅದರ ಪಾಲು ದೊಡ್ಡದು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದನ್ನೇ ಕಸುಬು ಮಾಡಿಕೊಂಡ ಇಂಥ ಔಷಧ, ಲ್ಯಾಬಿನಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಎಚ್‌ಐವಿ, ಹೆಪಟೈಟಿಸ್ ಸಿ, ಸಾರ್ಸ್, ಮರ್ಸ್ ವೈರಸ್‌ಗಳನ್ನು ತಡೆಯುತ್ತದೆ ಎಂದು ಒಂದರ ಹಿಂದೊಂದು ವರದಿ ಬಂದವು. ‘ಇದು ಹೇಗೆ ಸಾಧ್ಯ?’ ಎಂದು ಕೇಳಿದವರು ಕೆಲವರು. ‘ಹಾಗಾದರೆ ರೋಗಿಗೆ ಕೊಡಲು ತಡವೇಕೆ?’ ಎಂದವರು ಹಲವರು. ಪ್ರಯೋಗದ ತಟ್ಟೆಯಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂಬುದನ್ನು ನೋಡದೆ ಕೇಳಿದ ಪ್ರಶ್ನೆಗಳು ಎರಡೂ.

ತಪ್ಪು ಕಲ್ಪನೆ: ರೋಗನಿರೋಧಕ ಶಕ್ತಿ ಕುಂದಿಸುವ ಔಷಧ ವೈರಸ್ಸನ್ನು ತಡೆಯಲಾರದು. ಎರಡರಲ್ಲಿ ಒಂದು ಮಾತು ಸುಳ್ಳಿರಬೇಕು.

ವಾಸ್ತವ: ಎರಡೂ ನಿಜ. ಅವು ಒಂದೇ ಅಣು ಮಾಡುವ ಎರಡು ಬೇರೆ ಬೇರೆ ಕೆಲಸಗಳು.

ನಾರ್ವೆಯ ಹಾರ್ಡಾಂಗರ್‌ವಿಡ್ಡಾ ಪ್ರಸ್ಥಭೂಮಿಯಿಂದ 1969ರಲ್ಲಿ ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯ ಉದ್ಯೋಗಿಯೊಬ್ಬರು ರಜೆಗೆ ಹೋದವರು ಮಣ್ಣು ತಂದಿದ್ದರು. ಅದರಲ್ಲಿ ಸಿಕ್ಕಿದ ಶಿಲೀಂಧ್ರದಿಂದ ಬಂದದ್ದು ಸೈಕ್ಲೋಸ್ಪೊರಿನ್. ಕಂಪನಿ ಹುಡುಕುತ್ತಿದ್ದದ್ದು ಬೇರೆ ಶಿಲೀಂಧ್ರಗಳನ್ನು ಕೊಲ್ಲುವ ಔಷಧವನ್ನು. ಆ ಗುಣ ಇದರಲ್ಲಿ ಅಷ್ಟಕ್ಕಷ್ಟೇ. ರೋಗನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುವ ಗುಣ ಗೊತ್ತಾದದ್ದು 1972ರಲ್ಲಿ. 1978ರ ಹೊತ್ತಿಗೆ ಕೇಂಬ್ರಿಜ್‌ನಲ್ಲಿ ರಾಯ್ ಕಾಲ್ನ್ ಅದನ್ನು ಕಿಡ್ನಿ ಕಸಿಯ ರೋಗಿಗಳಿಗೆ ಕೊಟ್ಟು ನೋಡಿದ್ದರು.

ಈ ಅಣು ಕೋಶದೊಳಗೆ ಹೊಕ್ಕು ಮೊದಲು ಹಿಡಿಯುವುದು ಸೈಕ್ಲೋಫಿಲಿನ್ ಎಂಬ ಪ್ರೋಟೀನನ್ನು. 1984ರಲ್ಲಿ ಪತ್ತೆಯಾದ ಈ ಪ್ರೋಟೀನು ನಮ್ಮ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಧಾರಾಳವಾಗಿದೆ. ಉಳಿದ ಪ್ರೋಟೀನುಗಳು ಸರಿಯಾದ ಆಕಾರಕ್ಕೆ ಮಡಚಿಕೊಳ್ಳಲು ಅದು ನೆರವಾಗುತ್ತದೆ. ಔಷಧವೂ ಸೈಕ್ಲೋಫಿಲಿನ್ನೂ ಒಂದಕ್ಕೊಂದು ಅಂಟಿಕೊಂಡು ಹೋಗಿ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ಅಡ್ಡಗಟ್ಟುತ್ತವೆ. ಆ ಕಿಣ್ವ ನಿಂತರೆ ಟಿ ಕೋಶ ಇಂಟರ್‌ಲ್ಯೂಕಿನ್-2 ತಯಾರಿಸದು. ತಯಾರಿಸದಿದ್ದರೆ ಟಿ ಕೋಶಗಳು ಬೆಳೆದು ದಾಳಿಗಿಳಿಯುವುದೂ ಇಲ್ಲ. ಕಸಿಗೆ ಬೇಕಾದದ್ದು ಇಷ್ಟು.

ಆದರೆ ಸೈಕ್ಲೋಫಿಲಿನ್ ವೈರಸ್‌ಗಳಿಗೂ ಬೇಕು. ಎಚ್‌ಐವಿಯ ಕವಚದ ಪ್ರೋಟೀನು ಅದಕ್ಕೆ ಅಂಟಿಕೊಳ್ಳುತ್ತದೆ ಎಂದು 1993ರಲ್ಲಿ ತಿಳಿಯಿತು. ಹೆಪಟೈಟಿಸ್ ಸಿ ವೈರಸ್ಸು ತನ್ನ ಪ್ರತಿಗಳನ್ನು ಮಾಡಿಕೊಳ್ಳುವಾಗ ಅದರ ಎನ್‌ಎಸ್‌5ಎ ಎಂಬ ಪ್ರೋಟೀನು ಸೈಕ್ಲೋಫಿಲಿನ್ ನೆರವು ಪಡೆಯುತ್ತದೆ. ಔಷಧವೇ ಸೈಕ್ಲೋಫಿಲಿನ್ನನ್ನು ಹಿಡಿದುಕೊಂಡು ಕೂತರೆ ವೈರಸ್ಸಿಗೆ ಆ ನೆರವು ತಪ್ಪುತ್ತದೆ. ಕ್ಯಾಲ್ಸಿನ್ಯೂರಿನ್ ನಿಂತಿದೆಯೋ ನಡೆದಿದೆಯೋ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಸಂಬಂಧವಿಲ್ಲವೆಂದು ಗೊತ್ತಾದ ಬಗೆ ಈ ಕಥೆಯಲ್ಲೇ ನನಗೆ ಅತ್ಯಂತ ಇಷ್ಟವಾದ ಭಾಗ. 2003ರಲ್ಲಿ ಜಪಾನಿನ ಸಂಶೋಧಕರು ಹೆಪಟೈಟಿಸ್ ಸಿ ಇದ್ದ ಯಕೃತ್ತಿನ ಕೋಶಗಳಿಗೆ ಸೈಕ್ಲೋಸ್ಪೊರಿನ್ ಹಾಕಿದರು, ವೈರಸ್ ತಗ್ಗಿತು. ಜೊತೆಗೆ ಟ್ಯಾಕ್ರೋಲಿಮಸ್ಸನ್ನೂ ಬೇರೆಯಾಗಿ ಹಾಕಿ ನೋಡಿದರು. ಇಂದು ಕಸಿ ರೋಗಿಗಳಲ್ಲಿ ಹೆಚ್ಚಿನವರು ನುಂಗುವುದು ಇದನ್ನೇ. ಇದೂ ಕ್ಯಾಲ್ಸಿನ್ಯೂರಿನ್ನನ್ನೇ ನಿಲ್ಲಿಸುತ್ತದೆ, ಆದರೆ ಸೈಕ್ಲೋಫಿಲಿನ್ ತಂಟೆಗೆ ಹೋಗದೆ ಬೇರೊಂದು ಪ್ರೋಟೀನಿನ ಮೂಲಕ. ಅದರಿಂದ ಹೆಪಟೈಟಿಸ್ ಸಿ ಜಗ್ಗಲಿಲ್ಲ. ಆಮೇಲೆ ರಸಾಯನತಜ್ಞರು ಸೈಕ್ಲೋಸ್ಪೊರಿನ್ ಅಣುವನ್ನು ಅಲ್ಲಲ್ಲಿ ತಿದ್ದಿ, ಸೈಕ್ಲೋಫಿಲಿನ್ನನ್ನು ಹಿಡಿಯುವ ಆದರೆ ಕ್ಯಾಲ್ಸಿನ್ಯೂರಿನ್ನನ್ನು ಮುಟ್ಟದ ರೂಪಗಳನ್ನು ಮಾಡಿದರು. ಅಲಿಸ್ಪೊರಿವಿರ್ ಅಂಥದ್ದೊಂದು. ಅದು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಲಿಲ್ಲ. ವೈರಸ್ಸನ್ನು ತಡೆಯುವ ಗುಣ ಮಾತ್ರ ಹಾಗೇ ಉಳಿಯಿತು.

ತಪ್ಪು ಕಲ್ಪನೆ: ಔಷಧ ವೈರಸ್ಸನ್ನು ಕೊಲ್ಲುತ್ತದೆ. ಶೇ 99.9ರಷ್ಟು ಕಡಿಮೆಯಾದರೆ ಗುಣವಾದಂತೆಯೇ.

ವಾಸ್ತವ: ಕೊಲ್ಲುವುದಿಲ್ಲ, ಹೊಸ ವೈರಸ್ ಹುಟ್ಟುವುದನ್ನು ತಡೆಯುತ್ತದೆ. ಔಷಧ ಮುಟ್ಟುವುದು ನಮ್ಮ ಕೋಶದ ಪ್ರೋಟೀನನ್ನು, ವೈರಸ್ಸನ್ನಲ್ಲ. ನೆದರ್ಲೆಂಡ್ಸಿನ ಲೈಡನ್ ತಂಡ 2011ರಲ್ಲಿ ಸಾರ್ಸ್ ವೈರಸ್ ಮೇಲೆ ಸೈಕ್ಲೋಸ್ಪೊರಿನ್ ಹಾಕಿದಾಗ ಹೊಸದಾಗಿ ಹೊರಬಂದ ಸೋಂಕುಕಾರಕ ಕಣಗಳು ಸಾವಿರ ಪಟ್ಟಿನವರೆಗೆ ಇಳಿದವು. ಅದೇ ವರದಿಯಲ್ಲಿ ಇನ್ನೊಂದು ಮಾತಿದೆ, ಅದನ್ನು ಎತ್ತಿ ಆಡಿದವರು ಕಡಿಮೆ: ಸ್ವಲ್ಪ ಪ್ರಮಾಣದ ಕೋಶಗಳಲ್ಲಿ ವೈರಸ್ ಏನೂ ಆಗದಂತೆ ಬೆಳೆಯುತ್ತಲೇ ಇತ್ತು. ಲೆಕ್ಕ ಹಾಕಿ ನೋಡಿ. ನೂರು ಕೋಟಿಯಲ್ಲಿ ಸಾವಿರದ ಒಂದು ಪಾಲು ಉಳಿದರೆ ಹತ್ತು ಲಕ್ಷ. ಅಷ್ಟನ್ನು ಹುಡುಕಿ ಮುಗಿಸುವವರು ಟಿ ಕೋಶಗಳು. ಅವುಗಳನ್ನೇ ಈ ಔಷಧ ಸುಮ್ಮನಾಗಿಸಿರುತ್ತದೆ.

ತಪ್ಪು ಕಲ್ಪನೆ: ಮನುಷ್ಯರ ಕೋಶದಲ್ಲೇ ಕೆಲಸ ಮಾಡಿದ ಮೇಲೆ ಮನುಷ್ಯರಲ್ಲೂ ಮಾಡಲೇಬೇಕು.

ವಾಸ್ತವ: ಇಡೀ ಗೊಂದಲದ ಬೇರು ಇಲ್ಲಿದೆ. ಪ್ಲಾಸ್ಟಿಕ್ ತಟ್ಟೆಯ ತಳದಲ್ಲಿ ಒಂದೇ ಜಾತಿಯ ಕೋಶಗಳು ಒಂದು ಪದರವಾಗಿ ಹರಡಿಕೊಂಡು ಗುಲಾಬಿ ಬಣ್ಣದ ಪೋಷಕ ದ್ರವದಲ್ಲಿ ಮುಳುಗಿರುತ್ತವೆ. ಅಲ್ಲಿ ರಕ್ತ ಹರಿಯುವುದಿಲ್ಲ. ಔಷಧವನ್ನು ಒಡೆದು ಹಾಕುವ ಯಕೃತ್ತಾಗಲಿ, ಹೊರಹಾಕುವ ಮೂತ್ರಪಿಂಡವಾಗಲಿ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಟಿ ಕೋಶವಿಲ್ಲ, ಬಿ ಕೋಶವಿಲ್ಲ, ಪ್ರತಿಕಾಯಗಳಿಲ್ಲ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧದಿಂದ ಆಗಬಹುದಾದ ನಷ್ಟ ಅಲ್ಲಿ ಕಾಣಿಸಲು ದಾರಿಯೇ ಇಲ್ಲ. ಕಾವಲುಗಾರನೇ ಇಲ್ಲದ ಮನೆಯಲ್ಲಿ ಕಾವಲುಗಾರನಿಗೆ ನಿದ್ದೆ ಬರಿಸುವ ಮದ್ದನ್ನು ಪರೀಕ್ಷಿಸಿ, ಏನೂ ತೊಂದರೆಯಾಗಲಿಲ್ಲ ಎಂದಂತೆ. ಔಷಧದ ಲಾಭದ ಪುಟ ಮಾತ್ರ ತಟ್ಟೆಯಲ್ಲಿ ತೆರೆದುಕೊಳ್ಳುತ್ತದೆ, ಖರ್ಚಿನ ಪುಟ ಮುಚ್ಚಿಯೇ ಇರುತ್ತದೆ.

ಇದಕ್ಕೆ ಒಳ್ಳೆಯ ಸಾಕ್ಷಿ ಮೈಕೋಫಿನೊಲಿಕ್ ಆಮ್ಲ. ಇಟಲಿಯ ಬಾರ್ತೊಲೊಮಿಯೊ ಗೋಸಿಯೊ 1893ರಲ್ಲೇ ಬೂಷ್ಟಿನಿಂದ ಬೇರ್ಪಡಿಸಿದ ವಸ್ತು ಇದು, ಪೆನ್ಸಿಲಿನ್‌ಗಿಂತ ಮೂರು ದಶಕ ಹಳೆಯದು. ಇಂದು ಮೈಕೋಫಿನೊಲೇಟ್ ಎಂಬ ಹೆಸರಿನಲ್ಲಿ ಕಸಿ ರೋಗಿಗಳ ಮಾತ್ರೆಪಟ್ಟಿಯಲ್ಲಿದೆ. (ಇದನ್ನೂ ಟ್ಯಾಕ್ರೋಲಿಮಸ್ಸನ್ನೂ ತಯಾರಿಸುವ ಕಂಪನಿಗಳಲ್ಲಿ ಬೆಂಗಳೂರಿನ ಬಯೋಕಾನ್ ಒಂದು.) ಮರ್ಸ್ ವೈರಸ್ ಕಾಣಿಸಿಕೊಂಡ ಮೇಲೆ ನಡೆದ ಕೋಶ ಪ್ರಯೋಗಗಳಲ್ಲಿ ಇದು ಚೆನ್ನಾಗಿ ಗೆದ್ದಿತು, ಅದೂ ರೋಗಿಯ ರಕ್ತದಲ್ಲಿ ನಿಜವಾಗಿ ಸಿಗುವಷ್ಟೇ ಪ್ರಮಾಣದಲ್ಲಿ. ಇದಕ್ಕಿಂತ ಭರವಸೆಯ ಫಲಿತಾಂಶ ತಟ್ಟೆಯಿಂದ ಸಿಗುವುದು ಅಪರೂಪ. 2015ರಲ್ಲಿ ಹಾಂಗ್‌ಕಾಂಗ್ ತಂಡದ ಸಂಶೋಧಕರು ಮಾರ್ಮೊಸೆಟ್ ಎಂಬ ಪುಟ್ಟ ಕೋತಿಗಳಿಗೆ ಮರ್ಸ್ ಸೋಂಕು ಹತ್ತಿಸಿ ಔಷಧ ಕೊಟ್ಟ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಮೈಕೋಫಿನೊಲೇಟ್ ಪಡೆದ ಕೋತಿಗಳೆಲ್ಲ ತೀವ್ರ ಕಾಯಿಲೆಗೆ ಬಿದ್ದವು, ಕೆಲವು ಸತ್ತವು. ಅವುಗಳ ದೇಹದಲ್ಲಿದ್ದ ವೈರಸ್ಸಿನ ಸರಾಸರಿ ಪ್ರಮಾಣ ಏನೂ ಔಷಧ ಪಡೆಯದ ಕೋತಿಗಳದ್ದಕ್ಕಿಂತ ಹೆಚ್ಚಿತ್ತು. ಗುಂಪಿಗೆ ಕೆಲವೇ ಪ್ರಾಣಿಗಳಿದ್ದ ಸಣ್ಣ ಪ್ರಯೋಗ, ಒಪ್ಪೋಣ. ಆದರೆ ಅದು ತೋರಿಸಿದ ದಿಕ್ಕು ತಟ್ಟೆ ತೋರಿಸಿದ್ದರ ಪೂರ್ತಿ ಎದುರು.

ಇನ್ನು ತಟ್ಟೆಯಲ್ಲಿರುವ ಕೋಶ ಯಾವುದು ಎಂಬುದೂ ಒಂದು ಪ್ರಶ್ನೆ. ವೈರಸ್ ಪ್ರಯೋಗಗಳಿಗೆ ಹೆಚ್ಚಾಗಿ ಬಳಸುವ ವೆರೊ ಕೋಶಗಳು ಮನುಷ್ಯರವೇ ಅಲ್ಲ; 1962ರಲ್ಲಿ ಜಪಾನಿನಲ್ಲಿ ಆಫ್ರಿಕದ ಹಸಿರು ಕೋತಿಯ ಕಿಡ್ನಿಯಿಂದ ಬೆಳೆಸಿದವು. ಅವುಗಳಲ್ಲಿ ವೈರಸ್ ಬಂದಾಗ ಎಚ್ಚರಿಕೆ ಸಾರುವ ಇಂಟರ್‌ಫೆರಾನ್ ಜೀನುಗಳು ಬಿದ್ದುಹೋಗಿವೆ, ಆದ್ದರಿಂದಲೇ ವೈರಸ್ ಅಲ್ಲಿ ಸೊಂಪಾಗಿ ಬೆಳೆಯುತ್ತದೆ. 2020ರಲ್ಲಿ ಕ್ಲೋರೊಕ್ವಿನ್ ಕೊರೊನಾ ವೈರಸ್ಸನ್ನು ತಡೆದದ್ದು ಈ ಕೋಶಗಳಲ್ಲಿ. ಮನುಷ್ಯರ ಶ್ವಾಸಕೋಶ ಮೂಲದ ಕ್ಯಾಲು-3 ಕೋಶಗಳಲ್ಲಿ ಅದೇ ವರ್ಷ ಪರೀಕ್ಷಿಸಿದಾಗ ಪರಿಣಾಮವೇ ಕಾಣಲಿಲ್ಲ. ವೈರಸ್ಸು ಆ ಕೋಶಗಳನ್ನು ಹೊಗುವ ಬಾಗಿಲೇ ಬೇರೆ, ಕ್ಲೋರೊಕ್ವಿನ್ ಆ ಬಾಗಿಲನ್ನು ಮುಚ್ಚುವುದಿಲ್ಲ.

ತಪ್ಪು ಕಲ್ಪನೆ: ತಟ್ಟೆಯಲ್ಲಿ ವೈರಸ್ ಕಡಿಮೆಯಾದರೆ ಅದು ಔಷಧದ ವೈರಸ್‌ನಿರೋಧಕ ಗುಣವೇ.

ವಾಸ್ತವ: ಕೋಶ ಬಸವಳಿದರೂ ವೈರಸ್ ತಗ್ಗುತ್ತದೆ. ವೈರಸ್ಸಿಗೆ ಸ್ವಂತ ಕಾರ್ಖಾನೆ ಇಲ್ಲದಿರುವುದರಿಂದ ಕೋಶದ ಕೆಲಸ ನಿಧಾನವಾದರೆ ಅದರದ್ದೂ ನಿಧಾನ. ಹಾಗಾಗಿ ಎಷ್ಟು ಪ್ರಮಾಣದಲ್ಲಿ ವೈರಸ್ ಅರ್ಧಕ್ಕಿಳಿಯುತ್ತದೆ, ಎಷ್ಟರಲ್ಲಿ ಕೋಶಗಳೇ ಅರ್ಧಕ್ಕಿಳಿಯುತ್ತವೆ ಎಂದು ಎರಡನ್ನೂ ಅಳೆಯಬೇಕು. ಎರಡರ ನಡುವೆ ಅಂತರ ದೊಡ್ಡದಿದ್ದರೆ ಮಾತ್ರ ಮುಂದಿನ ಮಾತು. ಮೈಕೋಫಿನೊಲಿಕ್ ಆಮ್ಲದ ವಿಷಯದಲ್ಲಿ ಕಾರಣ ಹುಡುಕಲು ಒಂದು ಜಾಣ ಉಪಾಯವಿದೆ. ಆರ್‌ಎನ್‌ಎ ಕಟ್ಟಲು ಬೇಕಾದ ಗ್ವಾನೊಸಿನ್ ಸಾಮಗ್ರಿ ಕೋಶದಲ್ಲಿ ತಯಾರಾಗದಂತೆ ಅದು ತಡೆಯುತ್ತದೆ. ಡೆಂಗಿ ವೈರಸ್ ಪ್ರಯೋಗದಲ್ಲಿ ಹೊರಗಿನಿಂದ ಗ್ವಾನೊಸಿನ್ ಸುರಿದಾಗ ವೈರಸ್ ಮತ್ತೆ ತಲೆಯೆತ್ತಿತು. ಅಲ್ಲಿಗೆ ಗೊತ್ತಾಯಿತು, ಔಷಧ ಮಾಡಿದ್ದು ಕಚ್ಚಾಮಾಲಿನ ಬರ. ಅದೇ ಬರ ಬಿ, ಟಿ ಕೋಶಗಳಿಗೂ ಬೀಳುತ್ತದೆ, ಉಳಿದವಕ್ಕಿಂತ ಹೆಚ್ಚೇ ಬೀಳುತ್ತದೆ. ಸೈಕ್ಲೋಸ್ಪೊರಿನ್‌ನಲ್ಲಿ ಎರಡು ಗುಣಗಳನ್ನು ಬೇರೆ ಮಾಡಲು ಬಂತು. ಇಲ್ಲಿ ಎರಡಕ್ಕೂ ಕಾರಣ ಒಂದೇ ಆದ್ದರಿಂದ ಆ ದಾರಿ ಮುಚ್ಚಿದೆ.

ತಪ್ಪು ಕಲ್ಪನೆ: ಪರಿಣಾಮ ಸಾಲದಿದ್ದರೆ ಡೋಸ್ ಹೆಚ್ಚಿಸಿದರಾಯಿತು.

ವಾಸ್ತವ: ಲೈಡನ್ ತಂಡ ಸಾರ್ಸ್ ವೈರಸ್ಸನ್ನು ಹೆಚ್ಚುಕಡಿಮೆ ನಿಲ್ಲಿಸಿದ್ದು 16 ಮೈಕ್ರೋಮೋಲಾರ್ ಸೈಕ್ಲೋಸ್ಪೊರಿನ್‌ನಿಂದ. ಆ ಅಳತೆಯನ್ನು ಆಸ್ಪತ್ರೆಯ ರಕ್ತಪರೀಕ್ಷೆಯ ಭಾಷೆಗೆ ತಂದರೆ ಒಂದು ಮಿಲಿಲೀಟರಿಗೆ ಸುಮಾರು 19,000 ನ್ಯಾನೋಗ್ರಾಂ. ಕಸಿ ರೋಗಿಗಳಲ್ಲಿ ಮುಂದಿನ ಡೋಸ್‌ಗೆ ಮುಂಚೆ ಅಳೆದಾಗ ವೈದ್ಯರು ಬಯಸುವ ಮಟ್ಟ ಸಾಮಾನ್ಯವಾಗಿ 100ರಿಂದ 400. ಆ 400ರೊಳಗೂ ಬಹುಪಾಲು ಕೆಂಪು ರಕ್ತಕಣಗಳಿಗೆ, ಕೊಬ್ಬಿನ ಕಣಗಳಿಗೆ ಅಂಟಿಕೊಂಡಿರುತ್ತದೆ. ಬಿಡಿಯಾಗಿ ಓಡಾಡುವುದು ಅಲ್ಪ. ಡೋಸ್ ಏರಿಸಿದರೆ ಮೊದಲು ಏಟು ತಿನ್ನುವುದು ಕಿಡ್ನಿ. ಯಾವ ಅಂಗವನ್ನು ಉಳಿಸಲು ಮಾತ್ರೆ ಶುರುವಾಯಿತೋ ಅದಕ್ಕೇ ಅದು ವಿಷ.

ಈ ಔಷಧಗಳ ಮಟ್ಟ ಎಷ್ಟು ಸೂಕ್ಷ್ಮವೆಂದರೆ ಒಂದು ಹಣ್ಣೂ ಅದನ್ನು ಕದಲಿಸಬಲ್ಲದು. ಚಕ್ಕೋತದ ರಸ ಸೈಕ್ಲೋಸ್ಪೊರಿನ್ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ ಎಂದು ಮನುಷ್ಯರಲ್ಲೇ ನಡೆದ ಅಧ್ಯಯನ ತೋರಿಸಿದೆ; ಕರುಳಿನಲ್ಲಿ ಔಷಧವನ್ನು ಒಡೆಯುವ ಕಿಣ್ವವನ್ನು ಆ ಹಣ್ಣಿನ ಅಂಶ ತಡೆಯುತ್ತದೆ. ಗ್ರೇಪ್‌ಫ್ರೂಟ್ ಬೇಡವೆಂದು ವಿದೇಶದ ಕೈಪಿಡಿಗಳಲ್ಲಿ ಬರೆದಿರುತ್ತದೆ, ಅದು ನಮ್ಮಲ್ಲಿ ಎಷ್ಟು ಜನರಿಗೆ ಸಿಗುತ್ತದೋ ಕಾಣೆ. ದೇವನಹಳ್ಳಿ ಚಕ್ಕೋತ ಮಾತ್ರ ರಸ್ತೆಬದಿಯ ಗಾಡಿಯಲ್ಲೇ ಇರುತ್ತದೆ.

ತಪ್ಪು ಕಲ್ಪನೆ: ಬಳಕೆಯಲ್ಲಿರುವ ಔಷಧ ತಾನೇ, ಕೊಟ್ಟು ನೋಡಿದರೆ ಕಳೆದುಕೊಳ್ಳುವುದೇನಿದೆ?

ವಾಸ್ತವ: ಕಳೆದುಕೊಂಡ ಉದಾಹರಣೆ ಇದೆ. 1985ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಲಾಯೆನೆಕ್ ಆಸ್ಪತ್ರೆಯ ಮೂವರು ವೈದ್ಯರು ಪತ್ರಿಕಾಗೋಷ್ಠಿ ಕರೆದು, ಸೈಕ್ಲೋಸ್ಪೊರಿನ್ ಕೊಟ್ಟ ಏಡ್ಸ್ ರೋಗಿಗಳಲ್ಲಿ ಬೆರಗಿನ ಸುಧಾರಣೆ ಕಂಡಿದೆ ಎಂದರು. ಎಚ್‌ಐವಿ ಬೆಳೆಯುವುದು ಚುರುಕಾದ ಟಿ ಕೋಶಗಳಲ್ಲಿ, ಆದ್ದರಿಂದ ಅವುಗಳನ್ನು ತಣ್ಣಗಾಗಿಸಿದರೆ ವೈರಸ್ಸಿಗೆ ನೆಲೆ ಇರದು ಎಂಬುದು ಅವರ ತರ್ಕ. ಕಾಗದದ ಮೇಲೆ ಕೆಟ್ಟ ತರ್ಕವೇನಲ್ಲ. ಆದರೆ ನೋಡಿದ್ದು ಬೆರಳೆಣಿಕೆಯ ರೋಗಿಗಳನ್ನು, ಅದೂ ಒಂದು ವಾರದ ಆಸುಪಾಸು. ಸುದ್ದಿ ಜಗತ್ತಿಗೆಲ್ಲ ಹಬ್ಬಿತು. ಸ್ವಲ್ಪ ದಿನಗಳಲ್ಲೇ ಚಿಕಿತ್ಸೆ ಪಡೆದವರ ಸಾವಿನ ಸುದ್ದಿಯೂ ಬಂತು. ಏಡ್ಸ್‌ಗೆ ಆಗ ಬೇರೆ ಔಷಧವಿರಲಿಲ್ಲ, ರೋಗಿಗಳ ಹತಾಶೆ ಅರ್ಥವಾಗುವಂಥದ್ದು. ಪತ್ರಿಕಾಗೋಷ್ಠಿಯ ಅವಸರ ನನಗೆ ಇಂದಿಗೂ ಅರ್ಥವಾಗುವುದಿಲ್ಲ.

ರೋಗನಿರೋಧಕ ಶಕ್ತಿಯನ್ನು ಮುಟ್ಟದ ಅಲಿಸ್ಪೊರಿವಿರ್ ಕೂಡ ಸಲೀಸಾಗಿ ದಾಟಲಿಲ್ಲ. ಹೆಪಟೈಟಿಸ್ ಸಿ ರೋಗಿಗಳಲ್ಲಿ ಕೊನೆಯ ಹಂತದ ಪರೀಕ್ಷೆಯವರೆಗೂ ಹೋಗಿತ್ತು. ಇಂಟರ್‌ಫೆರಾನ್ ಜೊತೆಗೆ ಅದನ್ನು ಪಡೆಯುತ್ತಿದ್ದವರಲ್ಲಿ ಮೇದೋಜೀರಕ ಗ್ರಂಥಿಯ ಉರಿಯೂತ ಕಾಣಿಸಿ ಒಬ್ಬರು ತೀರಿಕೊಂಡ ಮೇಲೆ, 2012ರಲ್ಲಿ ಅಮೆರಿಕದ ನಿಯಂತ್ರಣ ಸಂಸ್ಥೆ ಪರೀಕ್ಷೆಗೆ ತಡೆ ಹಾಕಿತು.

ತಪ್ಪು ಕಲ್ಪನೆ: ಕೋವಿಡ್‌ನಲ್ಲಿ ಸ್ಟಿರಾಯ್ಡ್ ಜೀವ ಉಳಿಸಿತು. ಅಂದರೆ ಇಂಥ ಔಷಧಗಳು ವೈರಸ್ ವಿರುದ್ಧ ಕೆಲಸ ಮಾಡುತ್ತವೆ.

ವಾಸ್ತವ: ಡೆಕ್ಸಾಮೆಥಾಸೋನ್ ಜೀವ ಉಳಿಸಿದ್ದು ವೈರಸ್ಸನ್ನು ತಡೆದು ಅಲ್ಲ, ವೈರಸ್ ಎಬ್ಬಿಸಿದ ಉರಿಯೂತವನ್ನು ತಗ್ಗಿಸಿ. 2020ರ ಬ್ರಿಟನ್ನಿನ ರಿಕವರಿ ಪರೀಕ್ಷೆಯಲ್ಲಿ ದಿನಕ್ಕೆ 6 ಮಿಲಿಗ್ರಾಂ ಕೊಟ್ಟಾಗ ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಮೂರನೇ ಒಂದರಷ್ಟು, ಆಕ್ಸಿಜನ್ ಪಡೆಯುತ್ತಿದ್ದವರಲ್ಲಿ ಐದನೇ ಒಂದರಷ್ಟು ತಗ್ಗಿತು. ಆಕ್ಸಿಜನ್ ಬೇಕಿಲ್ಲದವರಿಗೆ ಏನೂ ಲಾಭವಾಗಲಿಲ್ಲ. ವೈರಸ್ ಜೋರಾಗಿ ಬೆಳೆಯುವ ಮೊದಲ ದಿನಗಳಲ್ಲಿ ರೋಗನಿರೋಧಕ ಶಕ್ತಿ ಬೇಕು, ಅದೇ ಶಕ್ತಿ ಅಂಕೆ ಮೀರಿದ ಮೇಲೆ ಲಗಾಮು ಬೇಕು. ಈ ಮುಂಚೆ-ನಂತರದ ವ್ಯತ್ಯಾಸ ತಿಳಿಯದೆ ಮೊದಲ ದಿನದಿಂದಲೇ ಸ್ಟಿರಾಯ್ಡ್ ನುಂಗಿದವರು ನಮ್ಮಲ್ಲಿ ಕಡಿಮೆ ಇರಲಿಲ್ಲ. 2021ರಲ್ಲಿ ಕರ್ನಾಟಕದ ಆಸ್ಪತ್ರೆಗಳು ಕಪ್ಪು ಶಿಲೀಂಧ್ರದ ರೋಗಿಗಳಿಂದ ತುಂಬಿದ್ದಕ್ಕೆ ಸಕ್ಕರೆ ಕಾಯಿಲೆಯ ಜೊತೆಗೆ ಸ್ಟಿರಾಯ್ಡ್‌ನ ಮಿತಿಮೀರಿದ ಬಳಕೆಯೂ ಕಾರಣ.

ಬ್ಯಾರಿಸಿಟಿನಿಬ್ ಕಥೆ ಇನ್ನೂ ಮೋಜಿನದು. ಸಂಧಿವಾತದ ಈ ಔಷಧವನ್ನು 2020ರ ಫೆಬ್ರವರಿಯಲ್ಲಿ ಕೃತಕ ಬುದ್ಧಿಮತ್ತೆಯ ನೆರವಿನಿಂದ ಹೆಕ್ಕಿದವರು, ವೈರಸ್ ಕೋಶದೊಳಗೆ ಹೊಗುವುದನ್ನೂ ಇದು ತಡೆದೀತು ಎಂದು ಸೂಚಿಸಿದ್ದರು. ಔಷಧ ಮುಂದೆ ದೊಡ್ಡ ಪರೀಕ್ಷೆಗಳಲ್ಲಿ ಸಾವನ್ನು ತಗ್ಗಿಸಿತು. ಅದರ ಯಶಸ್ಸಿನ ಮುಖ್ಯ ಪಾಲು ಮಾತ್ರ ಉರಿಯೂತ ತಗ್ಗಿಸಿದ್ದಕ್ಕೇ ಸಲ್ಲುತ್ತದೆ ಎಂಬುದು ಈಗಿನ ಸಾಮಾನ್ಯ ತಿಳಿವಳಿಕೆ.

ತಪ್ಪು ಕಲ್ಪನೆ: ಹಾಗಾದರೆ ಕೋಶ ಪ್ರಯೋಗಗಳೆಲ್ಲ ದಂಡ.

ವಾಸ್ತವ: ಇದು ಮೊದಲಿನ ತಪ್ಪಿನ ಇನ್ನೊಂದು ತುದಿ. ಹೆಪಟೈಟಿಸ್ ಸಿ ವೈರಸ್ಸನ್ನು 1989ರಲ್ಲಿ ಗುರುತಿಸಿದರೂ ಹತ್ತು ವರ್ಷ ಅದನ್ನು ತಟ್ಟೆಯಲ್ಲಿ ಸರಿಯಾಗಿ ಬೆಳೆಸಲಾಗದೆ ಔಷಧ ಹುಡುಕುವ ಕೆಲಸ ಕುಂಟುತ್ತಿತ್ತು. ವೈರಸ್ಸಿನ ಆರ್‌ಎನ್‌ಎಯ ಒಂದು ಭಾಗ ತಾನೇ ತಾನಾಗಿ ಪ್ರತಿಯಾಗುತ್ತ ಹೋಗುವಂತೆ 1999ರಲ್ಲಿ ಜರ್ಮನಿಯ ರಾಲ್ಫ್ ಬಾರ್ಟೆನ್‌ಶ್ಲಾಗರ್ ತಂಡ ಯಕೃತ್ತಿನ ಗೆಡ್ಡೆಯ ಕೋಶಗಳಲ್ಲಿ ಕೂರಿಸಿದ ಮೇಲೆ ದಾರಿ ತೆರೆಯಿತು. ಸೈಕ್ಲೋಸ್ಪೊರಿನ್ ಗುಣ ಗೊತ್ತಾದದ್ದು ಅಂಥ ಕೋಶಗಳಲ್ಲೇ. ಅದೇ ಬಗೆಯ ಕೋಶಗಳಲ್ಲಿ ಸಾವಿರಾರು ರಾಸಾಯನಿಕಗಳನ್ನು ಜಾಲಾಡಿದಾಗ ಡಕ್ಲಾಟಸ್ವಿರ್ ಔಷಧದ ಸುಳಿವು ಸಿಕ್ಕಿತು. ಅದು ಹಿಡಿಯುವುದು ಎನ್‌ಎಸ್‌5ಎ ಪ್ರೋಟೀನನ್ನೇ, ಸೈಕ್ಲೋಫಿಲಿನ್ ನೆರವು ಬೇಡುವ ಆ ಪ್ರೋಟೀನನ್ನು. 2013ರ ಡಿಸೆಂಬರಿನಲ್ಲಿ ಸೋಫೋಸ್ಬುವಿರ್ ಬಂತು. ಮರುವರ್ಷ ಅದನ್ನು ಅಗ್ಗವಾಗಿ ತಯಾರಿಸುವ ಪರವಾನಗಿ ಪಡೆದ ಭಾರತೀಯ ಕಂಪನಿಗಳಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಇತ್ತು. ಇಂಥ ಮಾತ್ರೆಗಳನ್ನು ಜೊತೆ ಮಾಡಿ ಹನ್ನೆರಡು ವಾರ ಕೊಟ್ಟರೆ ನೂರರಲ್ಲಿ ತೊಂಬತ್ತೈದರಷ್ಟು ಜನ ಗುಣವಾಗುತ್ತಾರೆ. ಅಲ್ಲಿಗೆ ಅಲಿಸ್ಪೊರಿವಿರ್‌ಗೆ ಹೆಪಟೈಟಿಸ್‌ನಲ್ಲಿ ಕೆಲಸವೇ ಉಳಿಯಲಿಲ್ಲ.

ಮೇಲೆ ಬೈದ ವೆರೊ ಕೋಶಗಳೂ ಅಷ್ಟೆ. ಕೋಲಾರದಲ್ಲಿ ಪತ್ತೆಯಾದ ಜಪಾನೀಸ್ ಎನ್‌ಸಿಫಲೈಟಿಸ್ ವೈರಸ್ ತಳಿಯನ್ನು ಬೆಳೆಸಿ ಜೆನ್‌ವ್ಯಾಕ್ ಲಸಿಕೆ ಮಾಡಿದ್ದು ಅವುಗಳಲ್ಲೇ.

ತಪ್ಪು ಕಲ್ಪನೆ: ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧದಿಂದ ರೋಗಿಯಲ್ಲಿ ವೈರಸ್ ಸೋಂಕು ಕಡಿಮೆಯಾದ ಉದಾಹರಣೆಯೇ ಇಲ್ಲ.

ವಾಸ್ತವ: ಇದೆ. ಈಸ್ಟರ್ ದ್ವೀಪದ ಮಣ್ಣಿನಿಂದ ಬಂದ ರಾಪಾಮೈಸಿನ್ ಮತ್ತು ಅದರ ಬಳಗದ ಎವೆರೊಲಿಮಸ್ ಪಡೆಯುವ ಕಸಿ ರೋಗಿಗಳಲ್ಲಿ ಸೈಟೊಮೆಗಾಲೊವೈರಸ್ ಸೋಂಕು ಕಡಿಮೆ ಎಂಬುದು ದೊಡ್ಡ ಪರೀಕ್ಷೆಗಳಲ್ಲೇ ಕಂಡಿದೆ. ಹರ್ಪಿಸ್ ಕುಲದ ಇನ್ನೊಂದು ವೈರಸ್ಸಿನಿಂದ ಬರುವ ಕಪೋಸಿ ಗೆಡ್ಡೆಯಿದ್ದ 15 ಕಿಡ್ನಿ ಕಸಿ ರೋಗಿಗಳಿಗೆ ಇಟಲಿಯ ವೈದ್ಯರು ಸೈಕ್ಲೋಸ್ಪೊರಿನ್ ನಿಲ್ಲಿಸಿ ರಾಪಾಮೈಸಿನ್ ಕೊಟ್ಟರು. ಮೂರು ತಿಂಗಳಲ್ಲಿ ಎಲ್ಲರ ಚರ್ಮದ ಗಂಟುಗಳೂ ಮಾಯವಾದವೆಂದು 2005ರಲ್ಲಿ ವರದಿಯಾಯಿತು. ಕಸಿಯಾದ ಕಿಡ್ನಿಗಳಿಗೆ ಏನೂ ಆಗಲಿಲ್ಲ. ಇಲ್ಲಿ ರಾಪಾಮೈಸಿನ್ ಗೆಡ್ಡೆಗೆ ರಕ್ತನಾಳ ಬೆಳೆಯದಂತೆ ತಡೆದದ್ದೂ ಕಾರಣ, ಪೂರ್ತಿ ಕೀರ್ತಿ ವೈರಸ್‌ನಿರೋಧಕ ಗುಣಕ್ಕೆ ಸಲ್ಲದು.

ತಪ್ಪು ಕಲ್ಪನೆ: ಕಸಿ ಮಾಡಿಸಿಕೊಂಡವರು ಈ ಮಾತ್ರೆಗಳನ್ನು ನುಂಗುತ್ತಲೇ ಇರುವುದರಿಂದ ವೈರಸ್‌ಗಳಿಂದ ಅವರಿಗೆ ರಕ್ಷಣೆಯಿದೆ.

ವಾಸ್ತವ: ಉಲ್ಟಾ. ಕೋವಿಡ್ ಲಸಿಕೆಯ ಎರಡು ಡೋಸ್ ಪಡೆದ ಕಸಿ ರೋಗಿಗಳಲ್ಲಿ ಪ್ರತಿಕಾಯ ಕಂಡದ್ದು ಶೇ 54 ಮಂದಿಯಲ್ಲಿ ಎಂದು ಅಮೆರಿಕದ ಅಧ್ಯಯನವೊಂದು 2021ರಲ್ಲಿ ಹೇಳಿತು. ಮೈಕೋಫಿನೊಲೇಟ್‌ನಂಥ ಮಾತ್ರೆ ಪಡೆಯುತ್ತಿದ್ದವರಲ್ಲಿ ಅದಕ್ಕಿಂತ ಕಡಿಮೆ. ಕೊರೊನಾಕ್ಕೆ ಕೊಡುವ ರಿಟೊನಾವಿರ್ ಬೆರೆತ ಮಾತ್ರೆಯೂ ಇವರಿಗೆ ಸುಲಭದ್ದಲ್ಲ. ಚಕ್ಕೋತ ಮಾಡುವ ಕೆಲಸವನ್ನೇ ಅದು ಹಲವು ಪಟ್ಟು ಜೋರಾಗಿ ಮಾಡಿ ಟ್ಯಾಕ್ರೋಲಿಮಸ್ ಮಟ್ಟವನ್ನು ಅಪಾಯಕ್ಕೇರಿಸುತ್ತದೆ. ಹಾಗೆಂದು ಜ್ವರ ಬಂದೊಡನೆ ತಾವಾಗಿಯೇ ಮಾತ್ರೆ ಬಿಟ್ಟರೆ ಕಸಿಯಾದ ಅಂಗವೇ ಹೋಗಬಹುದು. ಯಾವುದನ್ನು ಎಷ್ಟು ತಗ್ಗಿಸಬೇಕೆಂದು ಹೇಳಬೇಕಾದವರು ಕಸಿ ತಜ್ಞರು. ಕಸಿ ರೋಗಿಗೆ ಕೋವಿಡ್ ತೀವ್ರವಾದಾಗ ಅವರು ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲು ನಿಲ್ಲಿಸುತ್ತಿದ್ದದ್ದು ತಟ್ಟೆಯಲ್ಲಿ ಮರ್ಸ್ ವೈರಸ್ಸನ್ನು ಸೋಲಿಸಿದ್ದ ಆ ಮೈಕೋಫಿನೊಲೇಟನ್ನೇ.